ಮಾಚಾಗೆ ಕ್ಯೂ, ಹುರಿಹಿಟ್ಟಿಗೆ ಸಂಕೋಚ!

ಹೊರದೇಶದ ಹೊಸ ಪಾನೀಯ ಬಂತೆಂದರೆ ನಮ್ಮ ವಯಸ್ಸಿನವರು ಕ್ಯೂ ನಿಲ್ಲುತ್ತೇವೆ. ಬಬಲ್ ಟೀ ಆಯ್ತು, ಈಗ ಮಾಚಾ. ಮೊದಲ ಗುಟುಕಿಗೆ ಮುಖ ಕಿವಿಚಿದರೂ ‘ಟೇಸ್ಟ್ ಅಭ್ಯಾಸ ಆಗ್ಬೇಕು’ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡು ಇನ್ನೂರು ರೂಪಾಯಿ ಕೊಟ್ಟು ಬರುತ್ತೇವೆ. ಆದರೆ ಅದೇ ತಾಳ್ಮೆ ಅಂಬಲಿಯ ಮುಂದೆ ಯಾಕೆ ಮಾಯವಾಗುತ್ತದೆ?

ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು ‘ಪಿನೊಲಿಯೊ’ ಕುಡಿದ ಮೇಲೆ. ಅಮೆರಿಕದಲ್ಲಿರುವ ದೊಡ್ಡಮ್ಮನ ಮಗಳು ತ್ಯಾಗರಾಜನಗರದ ನಮ್ಮ ಮನೆಗೆ ಬಂದಾಗ ಅದರ ಪುಡಿಯ ಪೊಟ್ಟಣ ತಂದಿದ್ದಳು. ಇದು ಮಧ್ಯ ಅಮೆರಿಕದ ನಿಕರಾಗುವಾ ದೇಶದವರ ಪಾನೀಯ. ಮುಸುಕಿನ ಜೋಳವನ್ನು ಹುರಿದು, ಕೋಕೋ ಬೀಜ ಮತ್ತು ಚಕ್ಕೆ ಸೇರಿಸಿ ಬೀಸುತ್ತಾರೆ. ಆ ಪುಡಿಯನ್ನು ನೀರಿಗೋ ಹಾಲಿಗೋ ಕದಡಿ ಕುಡಿಯುತ್ತಾರೆ. ಅಲ್ಲಿ ಅದನ್ನು ಒಣಗಿಸಿದ ಬುರುಡೆಕಾಯಿಯ ಬಟ್ಟಲಲ್ಲಿ ಕೊಡುವುದು ವಾಡಿಕೆಯಂತೆ. ನಮಗೆ ಸ್ಟೀಲ್ ಲೋಟವೇ ಗತಿ.

ಚಾಕೊಲೇಟ್ ಮಿಲ್ಕ್‌ಶೇಕ್ ಎಂದುಕೊಂಡು ಕುಡಿದರೆ ನಿರಾಸೆ ಖಂಡಿತ. ಪುಡಿ ಕರಗುವುದಿಲ್ಲ, ತರಿತರಿಯಾಗಿ ನಾಲಿಗೆಗೆ ಸಿಗುತ್ತದೆ. ಲೋಟ ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಎಲ್ಲವೂ ತಳ ಸೇರುತ್ತದೆ. ಆದರೆ ಎರಡನೇ ಗುಟುಕಿಗೆ ಹುರಿದ ಕಾಳಿನ ಘಮ ಗೊತ್ತಾಗುತ್ತದೆ. ಜೊತೆಗಿದ್ದ ಹಿರಿಯೂರು ಕಡೆಯ ಗೆಳೆಯ ಅರ್ಧ ಲೋಟ ಕುಡಿದು, ‘ಲೇ, ಇದು ನಮ್ಮ ಹುರಿಹಿಟ್ಟೇ ಅಲ್ವೇನೋ!’ ಎಂದ.

ನಿಜವೇ. ರಾಗಿಗೆ ಸ್ವಲ್ಪ ನೀರು ಚಿಮುಕಿಸಿ ನೆನೆಯಬಿಟ್ಟು, ಕಾದ ಮರಳಿನಲ್ಲಿ ಅರಳು ಹುರಿದು, ಜರಡಿ ಹಿಡಿದು ಬೀಸಿದರೆ ಹುರಿಹಿಟ್ಟು. ಬೆಲ್ಲ, ಹಾಲು, ಕಾಯಿತುರಿ ಹಾಕಿದರೆ ಸಿಹಿ. ಮಜ್ಜಿಗೆ, ಉಪ್ಪು ಹಾಕಿದರೆ ತಂಪು. ಕಾಳು ಬೇರೆ, ಯೋಚನೆ ಒಂದೇ. ಹೊಲಕ್ಕೆ, ಪ್ರಯಾಣಕ್ಕೆ ಹೊರಡುವವರು ಕಟ್ಟಿಕೊಂಡು ಹೋಗಿ, ಒಲೆ ಹಚ್ಚದೆ ಹೊಟ್ಟೆ ತುಂಬಿಸಿಕೊಳ್ಳುವ ದಾರಿ.

ವ್ಯತ್ಯಾಸ ಇರುವುದು ಮರ್ಯಾದೆಯಲ್ಲಿ. ನಿಕರಾಗುವಾದವರು ತಮ್ಮನ್ನು ತಾವೇ ‘ಪಿನೊಲೆರೊ’ ಎಂದು ಕರೆದುಕೊಳ್ಳುತ್ತಾರೆ, ಅಂದರೆ ಜೋಳದ ಹಿಟ್ಟು ಕುಡಿಯುವವರು. ಅದು ಅವರಿಗೆ ಹೆಮ್ಮೆಯ ಹೆಸರು. ನನ್ನ ಗೆಳೆಯನಿಗೆ ಪ್ರತಿ ಸಲ ಊರಿಂದ ಹೊರಡುವಾಗ ಅವನ ಅಮ್ಮ ಹುರಿಹಿಟ್ಟಿನ ಡಬ್ಬಿ ಕಟ್ಟಿಕೊಡುತ್ತಾರೆ. ಪಿ.ಜಿ.ಯಲ್ಲಿ ಆ ಡಬ್ಬಿ ಸೂಟ್‌ಕೇಸಿನಲ್ಲಿ ಬಟ್ಟೆಗಳ ಅಡಿಯಲ್ಲಿರುತ್ತದೆ. ಪ್ರೋಟೀನ್ ಪೌಡರ್ ಡಬ್ಬಿ ಮಾತ್ರ ಎಲ್ಲರಿಗೂ ಕಾಣುವಂತೆ ಕಿಟಕಿಯ ಮೇಲೆ. ‘ಹಳ್ಳಿ ಗುಗ್ಗು ಅಂತಾರೆ ಕಣೋ’ ಎನ್ನುತ್ತಾನೆ. ಎಂಟು ಗಂಟೆಯ ಕ್ಲಾಸಿಗೆ ಖಾಲಿ ಹೊಟ್ಟೆಯಲ್ಲಿ ಓಡುವ ದಿನವೂ ಆ ಡಬ್ಬಿ ಹೊರಗೆ ಬರುವುದಿಲ್ಲ.

ಹಾಗೆಂದು ಹೊರಗಿನದು ಬೇಡ, ನಮ್ಮದೇ ಶ್ರೇಷ್ಠ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಬರುವುದೂ ಇಲ್ಲ. ಮುಸುಕಿನ ಜೋಳವನ್ನು ಸುಮಾರು 9,000 ವರ್ಷಗಳ ಹಿಂದೆ ಬೆಳೆಯಾಗಿ ಪಳಗಿಸಿದವರು ಮೆಕ್ಸಿಕೊದ ಜನ. ಇಂದು ಅದು ದಾವಣಗೆರೆ, ಹಾವೇರಿಯ ಹೊಲಗಳ ತುಂಬ ನಿಂತಿದೆ. ಅಲ್ಲಿ ಅದಕ್ಕೆ ಗೋವಿನಜೋಳ, ಮೆಕ್ಕೆಜೋಳ ಎಂಬ ನಮ್ಮವೇ ಹೆಸರುಗಳೂ ಇವೆ. ಆದರೆ ಹೆಚ್ಚಿನ ಪಾಲು ಹೋಗುವುದು ಕೋಳಿ ಆಹಾರಕ್ಕೆ ಮತ್ತು ಕಾರ್ಖಾನೆಗಳಿಗೆ. ನಮಗೆ ಗೊತ್ತಿರುವುದು ಕೆಂಡದಲ್ಲಿ ಸುಟ್ಟು ನಿಂಬೆ, ಖಾರ ಸವರಿದ ತೆನೆಯಷ್ಟೇ.

‘ನಮ್ಮ’ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಿಂದ ಬಂದದ್ದೇ. 1970ರ ದಶಕದಲ್ಲಿ ಮಂಡ್ಯದಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಹೆಚ್ಚು ಇಳುವರಿಯ ತಳಿಗಳನ್ನು ರೂಪಿಸಿದರು. ಆ ತಳಿಗಳ ಹೆಸರೇ ‘ಇಂಡಾಫ್’: ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಎಲ್ಲಿಂದಲೋ ಬಂದ ಕಾಳನ್ನು ನಮ್ಮ ಹಿರಿಯರು ರುಚಿ ನೋಡಿದರು, ಬೆಳೆದರು, ಕುಡಿದರು. ಆಮೇಲೆ ಅದು ನಮ್ಮದಾಯಿತು.

ರಾಗಿ ಕುಡಿದರೆ ಎಲ್ಲ ಕಾಯಿಲೆ ಓಡಿಹೋಗುತ್ತದೆ ಎಂಬ ವಾಟ್ಸ್‌ಆ್ಯಪ್ ವಿಜ್ಞಾನವೂ ಬೇಡ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಕಡಿಮೆ ದುಡ್ಡಿಗೆ ಹೊಟ್ಟೆ ತುಂಬುತ್ತದೆ. ಇಂಟರ್‌ವ್ಯೂ, ಕೋಚಿಂಗ್ ಎಂದು ಬೆಳಿಗ್ಗೆಯೇ ಬಸ್ ಹತ್ತುವವರಿಗೆ ಇಷ್ಟು ಸಾಲದೇ? 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. 2024ರಿಂದ ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಸಿಗುತ್ತಿದೆ. ಆ ಮಕ್ಕಳು ನಾಳೆ ಕಾಲೇಜಿಗೆ ಬಂದಾಗ ಕ್ಯಾಂಟೀನಿನಲ್ಲಿ ಕೂಲ್‌ಡ್ರಿಂಕ್ ಮಾತ್ರ ಇದ್ದರೆ ಏನು ಪ್ರಯೋಜನ? ಪ್ರತಿ ಕಾಲೇಜಿನ ಕ್ಯಾಂಟೀನಿನಲ್ಲೂ ಒಂದು ಪಾತ್ರೆ ಅಂಬಲಿ ಇರಲಿ. ಕೇಳುವವರಿದ್ದರೆ ಇಡುತ್ತಾರೆ, ಕೇಳಬೇಕಾದವರು ನಾವೇ.

ಪಿನೊಲಿಯೊ ಸಿಕ್ಕರೆ ಖಂಡಿತ ಕುಡಿಯಿರಿ. ಅಂಬಲಿಗೂ ಅದೇ ಅವಕಾಶ ಕೊಡಿ. ಯಾವುದಕ್ಕೂ ಮೊದಲ ಗುಟುಕಿಗೇ ತೀರ್ಪು ಬೇಡ, ಮೂರು ದಿನ ಕುಡಿದು ನೋಡಿ. ಇನ್ನು ಊರಿಂದ ಡಬ್ಬಿ ತಂದಿರುವ ಗೆಳೆಯರೇ, ಅದನ್ನು ಸೂಟ್‌ಕೇಸಿನಿಂದ ತೆಗೆದು ಮೇಜಿನ ಮೇಲಿಡಿ. ನಗುವವರಿಗೂ ಒಂದು ಲೋಟ ಕದಡಿ ಕೊಡಿ.