ಹಳೇ ಪೇಪರ್ ಅಂಗಡಿಯ ತಕ್ಕಡಿಯಲ್ಲಿ ನನ್ನ ಚೀಲ

"ಅಕ್ಕಾ, ಇದನ್ನ ಹಾಗೇ ಹಾಕ್ತೀರಾ, ಇಲ್ಲಾ ಒಳಗಿರೋದೆಲ್ಲ ತೆಗೀತೀರಾ?"

ನಮ್ಮ ಬೀದಿ ಕೊನೆಯ ಹಳೇ ಪೇಪರ್ ಅಂಗಡಿಯ ಹುಡುಗ ಹೀಗೆ ಕೇಳಿದಾಗ, ನನ್ನ ಹೊಸಾ ಬೆನ್ನುಚೀಲ ಅವನ ಕೊಕ್ಕೆ ತಕ್ಕಡಿಯಲ್ಲಿ ನೇತಾಡುತ್ತಿತ್ತು. ಮನೆಯ ಅಡುಗೆ ತಕ್ಕಡಿ ಐದು ಕಿಲೋಗೇ ಸುಸ್ತಾಗುತ್ತದೆ, ಅದಕ್ಕೇ ಇಲ್ಲಿಗೆ ಹೊತ್ತು ತಂದಿದ್ದೆ. ಮುಳ್ಳು ಹನ್ನೊಂದು ದಾಟಿ ಇನ್ನೊಂದಿಷ್ಟು ಮುಂದೆ ಹೋಗಿ ನಿಂತಿತು.

"ಹನ್ನೊಂದು ಇನ್ನೂರು. ಪೇಪರ್ ಆಗಿದ್ರೆ ನೂರೈವತ್ತು ರೂಪಾಯಿ ಮೇಲೇ ಆಗೋದು," ಅಂದ.

ಪೇಪರ್ ಆಗಿರಲಿಲ್ಲ. ಒಳಗಿದ್ದದ್ದು 46,000 ರೂಪಾಯಿ ಸಾಮಾನು. ಅದರಲ್ಲಿ ಅರ್ಧದ ಇಎಂಐ ಇನ್ನೂ ಬಾಕಿ.

ಸೆಪ್ಟೆಂಬರ್ ಮೊದಲ ವಾರ ನಾನೊಬ್ಬಳೇ ಸ್ಪೇನಿಗೆ ಹೊರಟಿದ್ದೇನೆ. ಒಟ್ಟು 42 ದಿನ, ಅದರಲ್ಲಿ 35 ದಿನ ಬರೀ ನಡಿಗೆ. ಫ್ರಾನ್ಸ್ ಗಡಿಯ ಸ್ಯಾಂ-ಜಾಂ ಎಂಬ ಪುಟ್ಟ ಊರಿನಿಂದ ಪಿರನೀಸ್ ಪರ್ವತ ದಾಟಿ, ಸ್ಪೇನಿನ ವಾಯವ್ಯ ಮೂಲೆಯ ಸಾಂತಿಯಾಗೊ ದೆ ಕಂಪೋಸ್ತೇಲಾವರೆಗೆ ಸುಮಾರು 780 ಕಿಲೋಮೀಟರ್. ಅಲ್ಲಿನ ಚರ್ಚಿನಲ್ಲಿ ಸಂತ ಯಾಕೋಬನ ಸಮಾಧಿ ಇದೆ ಎಂದು ನಂಬಿ ಮಧ್ಯಯುಗದಿಂದ ಜನ ನಡೆಯುತ್ತಾ ಬಂದ ದಾರಿ. ಸ್ಪೇನಿನೊಳಗಿನ ದಾರಿಯನ್ನು ಯುನೆಸ್ಕೊ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆಸರು ಕಮೀನೊ. ಸ್ಪ್ಯಾನಿಷ್‌ನಲ್ಲಿ 'ದಾರಿ' ಅಂತ ಅರ್ಥ. ರಜೆ ಕೇಳೋಕೆ ಹೋದಾಗ ನಮ್ಮ ಮ್ಯಾನೇಜರ್ "ಯಾವ ಕಮೀನಾ?" ಅಂತ ಹಿಂದಿಯಲ್ಲಿ ಕೇಳಿ ತಾವೇ ನಕ್ಕರು. ನಕ್ಕ ಮೇಲೆ ರಜೆ ಕೊಟ್ಟರು, ಅದು ದೊಡ್ಡದು.

ಈ ದಾರಿ ನಡೆದವರೆಲ್ಲ ಒಂದು ಲೆಕ್ಕ ಹೇಳುತ್ತಾರೆ. ಬೆನ್ನ ಮೇಲಿನ ಭಾರ ನಮ್ಮ ತೂಕದ ಹತ್ತನೇ ಒಂದು ಭಾಗದ ಸುತ್ತಮುತ್ತ ಇರಬೇಕು, ನೀರು ಬಿಟ್ಟು. ನಾನು 56 ಕಿಲೋ. ಅಂದರೆ 5.6. ಅದರ ಸರೀ ಎರಡು ಪಟ್ಟು ತಕ್ಕಡಿಯಲ್ಲಿ ನೇತಾಡುತ್ತಿತ್ತು.

ಇಷ್ಟೊಂದು ಹೇಗೆ ತುಂಬಿತು ಅಂತೀರಾ? ಅದಕ್ಕೆ ನಮ್ಮ ಮನೆಯ ರಾತ್ರಿ ಒಂಬತ್ತು ಗಂಟೆಯ ಊಟ ಕಾರಣ.

ಮನೆಯಲ್ಲಿರೋದು ಅಮ್ಮ ಮತ್ತು ನಾನು. ಅಪ್ಪ ಹೋಗಿ ಎರಡು ವರ್ಷ. ಟಿಕೆಟ್ ಬುಕ್ ಮಾಡಿದ ದಿನದಿಂದ ಊಟಕ್ಕೆ ಕೂತಾಗ ಅಮ್ಮ ದಿನಕ್ಕೊಂದು ಪ್ರಶ್ನೆ ಕೇಳತೊಡಗಿದಳು. "ಜಾರಿ ಬಿದ್ರೆ?" ನಾನು "ಏನಾಗಲ್ಲ ಬಿಡಮ್ಮ" ಅಂದು ಕೈ ತೊಳೆದೆ. ಹನ್ನೊಂದೂವರೆಗೆ ಹಾಸಿಗೆಯಲ್ಲಿ ಫೋನ್ ಹಿಡಿದು ಮಂಡಿಗೆ ಹಾಕುವ ಪಟ್ಟಿ ಆರ್ಡರ್ ಮಾಡಿದೆ. "ಕಳ್ಳರು?" ಎರಡು ನಂಬರ್ ಬೀಗ, ಸೊಂಟಕ್ಕೆ ಕಟ್ಟುವ ಗುಪ್ತ ಪರ್ಸ್, ಒಂದು ಪೆಪ್ಪರ್ ಸ್ಪ್ರೇ. "ಊಟಕ್ಕೇನು ಮಾಡ್ತೀಯ?" ಮಡಚುವ ಎಲೆಕ್ಟ್ರಿಕ್ ಕೆಟಲ್. "ಚಳಿ?" ಡೌನ್ ಜಾಕೆಟ್, ಅದರೊಳಗೆ ಥರ್ಮಲ್, ಅದರ ಮೇಲೆ ಫ್ಲೀಸ್. ರಿವ್ಯೂ ಓದಿದಷ್ಟೂ ಹೊಸ ಕಾಯಿಲೆ ಕಾಣುತ್ತಿತ್ತು, ಅದಕ್ಕೊಂದು ಹೊಸ ಪೆಟ್ಟಿಗೆ ಬರುತ್ತಿತ್ತು. ಅಮ್ಮನಿಗೆ ಉತ್ತರ ಕೊಡೋ ಬದಲು ಸಾಮಾನು ತರಿಸ್ತಾ ಇದ್ದೆ.

ಅಮ್ಮನೂ ಸುಮ್ಮನಿರಲಿಲ್ಲ. ನಾನು ಆಫೀಸಿಗೆ ಹೋದಾಗ ಚೀಲದ ಸಂದಿಯಲ್ಲಿ ಚಟ್ನಿಪುಡಿ, ಹುರಿಹಿಟ್ಟು, ತುಪ್ಪದ ಬಾಟಲಿ, ಅಮೃತಾಂಜನ ಸೇರಿಸುತ್ತಿದ್ದಳು. ನೋಡಿಯೂ ನಾನು ತೆಗೆಯಲಿಲ್ಲ.

ತಕ್ಕಡಿಯ ಮರುದಿನ ಭಾನುವಾರ. ಅದೇ 11.2 ಕಿಲೋ ಹೊತ್ತು ಬೆಳಗಿನ ಜಾವ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋಕೆ ಹೋದೆ. ಕಮೀನೊದ ಮೊದಲ ದಿನವೇ ಸುಮಾರು 25 ಕಿಲೋಮೀಟರ್, ಅದರಲ್ಲಿ 1,250 ಮೀಟರಿನಷ್ಟು ಏರು. ನಮ್ಮ ಬೆಟ್ಟವನ್ನು ನಾಲ್ಕು ಸಲ ಹತ್ತಿದ ಹಾಗೆ. ನಾನು ಒಂದು ಸಲ ಹತ್ತೋದಿರಲಿ, ನಂದಿಯವರೆಗೂ ಹೋಗಲಿಲ್ಲ. ಭುಜ ಸೀಳಿದ ಹಾಗಾಗಿ ನಡುವೆಯೇ ಕೂತೆ. ಬರಿಗಾಲಲ್ಲಿ ಒಂದೊಂದೇ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಬಂದ ಅಜ್ಜಿಯೊಬ್ಬರು ನನ್ನ ಮೆಟ್ಟಿಲಿಗೆ ಬಂದಾಗ ತಲೆ ಎತ್ತಿ ನೋಡಿದರು.

"ಎಲ್ಲಿಗ್ ಹೊಂಟಿದ್ದೀಯವ್ವಾ, ಮನೆ ಖಾಲಿ ಮಾಡ್ಕಂಡು?"

ನನಗೆ ನಗು ಬರಲಿಲ್ಲ. ಇಳಿದು ಮನೆಗೆ ಬಂದವಳೇ ಹಾಲ್‌ನಲ್ಲಿ ಚೀಲ ಬೋರಲು ಹಾಕಿದೆ.

ಅಮ್ಮ ಕಾಫಿ ಲೋಟ ಹಿಡಿದು ಬಂದು ಕೂತಳು. ಒಂದೊಂದನ್ನೇ ಎತ್ತಿ ನೋಡಿದೆವು. ಹೊರಡುವ ಯೋಚನೆಯಲ್ಲಿರುವವರಿಗೆ ಉಪಯೋಗವಾದೀತು ಅಂತ ಬರೀತಿದ್ದೀನಿ.

ಪೆಪ್ಪರ್ ಸ್ಪ್ರೇ ಮೊದಲು ಹೊರಗೆ. ವಿಮಾನದಲ್ಲಿ ಅದಕ್ಕೆ ಅನುಮತಿಯಿಲ್ಲ. ಯುರೋಪಿನಲ್ಲಿ ತುರ್ತು ನಂಬರ್ 112, ನಮ್ಮದೂ ಅದೇ. ಅಮ್ಮನಿಗೆ ಅದೊಂದು ಸಮಾಧಾನ.

1,800 ರೂಪಾಯಿಯ ಯುನಿವರ್ಸಲ್ ಅಡಾಪ್ಟರ್ ಹೊರಗೆ. ನಮ್ಮ ಮೊಬೈಲ್ ಚಾರ್ಜರಿನ ಎರಡು ದುಂಡು ಪಿನ್ ಸ್ಪೇನಿನ ಪ್ಲಗ್ಗಿಗೂ ಕೂರುತ್ತದೆ, ವೋಲ್ಟೇಜೂ 230. ಪವರ್ ಬ್ಯಾಂಕ್ 20,000ದ್ದು ಬಿಟ್ಟು 10,000ದ್ದು ಸಾಕು. ಅದನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ.

ಕೆಟಲ್ ಹೊರಗೆ. ದಾರಿಯುದ್ದಕ್ಕೂ ನಡೆಯುವವರಿಗೆಂದೇ ಇರುವ ತಂಗುದಾಣಗಳಿಗೆ ಆಲ್ಬೆರ್ಗೆ ಅಂತಾರೆ. ಬಹಳಷ್ಟು ಕಡೆ ಅಡುಗೆಮನೆಯೂ ಇರುತ್ತದೆ.

ಜೀನ್ಸ್, ಕಾಟನ್ ಟೀ ಶರ್ಟ್ ಹೊರಗೆ. ಹತ್ತಿ ಬಟ್ಟೆ ಬೆವರು ಹೀರಿದರೆ ಬೇಗ ಒಣಗಲ್ಲ, ಒದ್ದೆ ಬಟ್ಟೆಯಲ್ಲಿ ತೊಡೆ, ಕಂಕುಳು ಉಜ್ಜಿ ಗಾಯವಾಗುತ್ತದೆ. ಹಾಕಿಕೊಂಡದ್ದು ಒಂದು, ಒಣಗುತ್ತಿರುವುದು ಒಂದು, ಅಷ್ಟೇ. ಡೌನ್ ಜಾಕೆಟ್ ವಾಪಸ್ ಹೋಯಿತು, ಫ್ಲೀಸ್ ಉಳಿಯಿತು.

ಶೂ ಮಾತ್ರ ನಾನು ಸರಿಯಾಗಿ ಕೊಂಡ ಒಂದೇ ಸಾಮಾನು. ಸಂಜೆ ಹೊತ್ತು, ಕಾಲು ಊದಿಕೊಂಡಿರುವಾಗ, ನಡೆಯುವ ಕಾಲುಚೀಲವನ್ನೇ ಹಾಕಿಕೊಂಡು ಅಂಗಡಿಗೆ ಹೋಗಿದ್ದೆ. ಮುಂದೆ ಹೆಬ್ಬೆರಳಿನಷ್ಟು ಜಾಗ ಬಿಟ್ಟು, ಮಾಮೂಲಿಗಿಂತ ಒಂದು ಸೈಜ್ ದೊಡ್ಡದು. ಇಳಿಜಾರಿನಲ್ಲಿ ಉಗುರು ಮುಂದಕ್ಕೆ ಗುದ್ದಬಾರದು. ಹೊರಡುವ ಹೊತ್ತಿಗೆ ಅದರಲ್ಲಿ ಕಡೇಪಕ್ಷ ನೂರು ಕಿಲೋಮೀಟರ್ ನಡೆದಿರಬೇಕು.

ತುಪ್ಪದ ಬಾಟಲಿ ಎತ್ತಿಟ್ಟಾಗ ಜಗಳ ಶುರುವಾಯಿತು. ಹೊರಗಿನ ದೇಶಗಳಿಂದ ಹಾಲು, ಮಾಂಸದ ಪದಾರ್ಥ ತರೋದನ್ನ ಯುರೋಪ್ ಒಕ್ಕೂಟ ಬಿಡಲ್ಲ ಅಂದೆ. ಅಮ್ಮ ಕೇಳಲಿಲ್ಲ.

"ನೂರೈವತ್ತು ಗ್ರಾಂ ತುಪ್ಪ ಭಾರವಾ ನಿಂಗೆ? ಭಾರ ಆದ್ರೆ ಹೋಗ್ಲೇಬೇಡ!"

ಅವಳ ಬಾಯಿಂದ ಅದು ಬಂದದ್ದು ಅದೇ ಮೊದಲು. ಇಬ್ಬರೂ ಸುಮ್ಮನಾದೆವು. ಅಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಎರಡೇ ಲೋಟ ಇದ್ದದ್ದು.

ಆಮೇಲೆ ಸೆರಗಿಗೆ ಕೈ ಒರೆಸುತ್ತಾ ಬಂದು, ಏನೂ ಆಗದವಳ ಹಾಗೆ ಅವಳಮ್ಮನ ಕತೆ ಹೇಳಿದಳು. ಅಜ್ಜಿ ಕೊಳ್ಳೇಗಾಲದ ಕಡೆಯವರು. ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದೇ ಹೋಗುತ್ತಿದ್ದರಂತೆ. ಎರಡು ಸೀರೆ, ಒಂದು ಕಂಬಳಿ, ಒಂದು ಚೊಂಬು, ಹುರಿಹಿಟ್ಟು ಬೆಲ್ಲದ ಗಂಟು. "ನಿನ್ನ ಈ ಬೀಗದಷ್ಟೂ ಭಾರ ಇರ್ಲಿಲ್ಲ ಅವರ ಗಂಟು."

"ನೋಡಿದ್ಯಾ ಮತ್ತೆ?" ಅಂದೆ.

"ಆದ್ರೆ ನಮ್ಮಮ್ಮ ಒಬ್ಬಳೇ ಹೋಗ್ಲಿಲ್ಲ ಕಣೆ. ಹಿಂದೆ ಮುಂದೆ ಊರೇ ಇರ್ತಿತ್ತು. ಒಬ್ಬರು ಪಾತ್ರೆ, ಒಬ್ಬರು ಅಕ್ಕಿ ಹೊರೋರು. ಜ್ವರ ಬಂದ್ರೆ ಗಾಡೀಲಿ ಮಲಗಿಸೋರು."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಬ್ಬಳೇ ಹೋಗುವವಳ ಪಾತ್ರೆ, ಅಕ್ಕಿ, ಗಾಡಿ ಎಲ್ಲಾ ಅವಳ ಬೆನ್ನ ಮೇಲೇ. ಅಥವಾ ಅದಿಲ್ಲದೇ ನಡೆಯಬೇಕು, ದಾರಿಯಲ್ಲಿ ಸಿಕ್ಕವರನ್ನು ಕೇಳಬೇಕು. ಕೇಳೋದು ನಂಗೆ ಅಭ್ಯಾಸವಿಲ್ಲ. ಅಮ್ಮನ್ನೇ ಕೇಳಿರಲಿಲ್ಲ.

ಅವತ್ತು ಕೇಳಿದೆ. "ಅಮ್ಮ, ನಲವತ್ತೆರಡು ದಿನ ನೀನೊಬ್ಬಳೇ ಇರ್ತೀಯಲ್ಲ. ನಿಂಗೆ ಭಯ ಇದ್ಯಾ?"

ಅಮ್ಮ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಸ್ವಲ್ಪ ಯೋಚಿಸಿ, "ಗೇಟಿನ ಚಿಲಕ," ಅಂದಳು.

"ಏನು?"

"ಗೇಟಿನ ಚಿಲಕ ತುಕ್ಕು ಹಿಡಿದಿದೆ. ನನ್ನ ಕೈಗೆ ಎಳೆಯೋಕಾಗಲ್ಲ. ದಿನಾ ರಾತ್ರಿ ನೀನೇ ಹಾಕ್ತೀಯಲ್ಲ, ನಿಂಗೆ ಗೊತ್ತಾಗಿಲ್ಲ. ಆಮೇಲೆ ಸಿಲಿಂಡರ್ ಬದಲಾಯಿಸೋದು. ಅದನ್ನ ನಿಮ್ಮಪ್ಪ ಮಾಡೋರು, ಈಗ ನೀನು. ನಂಗೆ ರೆಗ್ಯುಲೇಟರ್ ಮುಟ್ಟೋಕೇ ಭಯ."

ಎರಡು ತಿಂಗಳು ರಾತ್ರಿಯೆಲ್ಲ ಫೋನಿನಲ್ಲಿ ಏನೇನೋ ಕೊಂಡಿದ್ದೆ. ಈ ಎರಡು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಮಧ್ಯಾಹ್ನವೇ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಹೊಸ ಚಿಲಕ 340 ರೂಪಾಯಿ, ಹಾಕಿಕೊಟ್ಟವನಿಗೆ 200. ಬಾಗಿಲ ಮೇಲೆ ಯಾರಾದರೂ ಬಂದರೆ ತಾನಾಗೇ ಹತ್ತುವ ಒಂದು ಬಲ್ಬು. ಖಾಲಿ ಸಿಲಿಂಡರ್ ಇಟ್ಟುಕೊಂಡು ಅಮ್ಮ ರೆಗ್ಯುಲೇಟರ್ ಹಾಕಿ ತೆಗೆದು ಹಾಕಿ ತೆಗೆದು ಅಭ್ಯಾಸ ಮಾಡಿದಳು. ಐದನೇ ಸಲಕ್ಕೆ ಟಕ್ ಅಂತ ಕೂತಾಗ ಅವಳ ಮುಖ ನೋಡಬೇಕಿತ್ತು. ಕೆಳಗಿನ ಮನೆ ಆಂಟಿಗೆ ಒಂದು ಬೀಗದ ಕೈ ಕೊಟ್ಟೆವು. ಡಾಕ್ಟರ್, ಗ್ಯಾಸ್, ಆಟೋದವರು, ಚಿಕ್ಕಮ್ಮ ಎಲ್ಲರ ನಂಬರನ್ನು ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಸ್ಪೇನಿನ ಸಮಯ ಸೆಪ್ಟೆಂಬರಿನಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ ಅಂತಾನೂ ಬರೆದೆ. ನಮ್ಮ ರಾತ್ರಿ ಒಂಬತ್ತಕ್ಕೆ ಅಲ್ಲಿ ಸಂಜೆ ಐದೂವರೆ. ಅವಳ ಊಟದ ಹೊತ್ತಿಗೆ ನಾನು ಬಟ್ಟೆ ಒಗೆದು ಕೂತಿರ್ತೀನಿ. ದಿನಕ್ಕೊಂದು ಪ್ರಶ್ನೆ ಮುಂದುವರಿಯಬಹುದು.

ಸಂಜೆ ಅಮ್ಮ ಬೀರುವಿನಿಂದ ಅಪ್ಪನ ಎಂಟು ಮೊಳದ ಪಂಚೆ ತಂದು ನನ್ನ ಮಡಿಲಿಗೆ ಹಾಕಿದಳು. ಆಲ್ಬೆರ್ಗೆಯ ಹಾಸಿಗೆಗಳಲ್ಲಿ ಮಲಗೋಕೆ ಚೀಲದಂಥ ಒಂದು ಒಳಹೊದಿಕೆ ಬೇಕು, ರೇಷ್ಮೆಯದು ಮೂರು ಸಾವಿರ ಅಂತ ಹಿಂದಿನ ವಾರ ಗೊಣಗಿದ್ದೆ. "ಎರಡಾಗಿ ಮಡಚಿ ಪಕ್ಕ ಹೊಲಿಸ್ಕೊ. ಎಷ್ಟು ಸಲ ಒಗೆದಿದ್ದೀನಿ, ಮೆತ್ತಗಿದೆ," ಅಂದಳು, ಅಷ್ಟೇ. ನಮ್ಮ ಟೈಲರ್ ಅಗಲದಲ್ಲಿ ಹೆಚ್ಚಾದದ್ದನ್ನು ಕತ್ತರಿಸಿ 80 ರೂಪಾಯಿಗೆ ಹೊಲಿದುಕೊಟ್ಟರು. ಉಳಿದ ತುಂಡು ನನ್ನ ಟವೆಲ್.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಇಷ್ಟೆಲ್ಲ ಕೊಂಡದ್ದು ವೀಸಾ ಬರುವ ಮುಂಚೆ. ನೀವು ಹಾಗೆ ಮಾಡಬೇಡಿ. ಷೆಂಗೆನ್ ವೀಸಾಗೆ ಪ್ರಯಾಣದ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ನಡಿಗೆ ಫ್ರಾನ್ಸಿನಲ್ಲಿ ಶುರುವಾದರೂ ಹೆಚ್ಚು ದಿನ ಇರುವುದು ಸ್ಪೇನಿನಲ್ಲಾದ್ದರಿಂದ ಅರ್ಜಿ ಸ್ಪೇನಿಗೇ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕೇ ಬೇಕು. ದುಡ್ಡು ಮೊದಲು ಅಲ್ಲಿಗೆ, ಆಮೇಲೆ ಶೂಗೆ, ಆಮೇಲೆ ಚೀಲಕ್ಕೆ. ಮಿಕ್ಕದ್ದು ದಾರಿಯಲ್ಲೂ ಸಿಗುತ್ತದೆ, ಅಲ್ಲೂ ಜನ ಬದುಕಿದ್ದಾರೆ, ಅಂಗಡಿಗಳಿವೆ. ನನ್ನ ಸಾಮಾನಲ್ಲಿ 19,000 ರೂಪಾಯಿಯಷ್ಟು ವಾಪಸ್ ಹೋಯಿತು. ಬೀಗ, ಮಂಡಿ ಪಟ್ಟಿ ವಾಪಸ್ ತಗೊಳ್ಳಲಿಲ್ಲ. ಒಂದು ಬೀಗ ಈಗ ನಮ್ಮ ಗೇಟಿನಲ್ಲಿದೆ, ಮಂಡಿ ಪಟ್ಟಿ ಅಮ್ಮನ ಮಂಡಿಯಲ್ಲಿ.

ನಿನ್ನೆ ಮತ್ತೆ ಪೇಪರ್ ಅಂಗಡಿಗೆ ಹೋದೆ. ಈ ಸಲ ಅಮ್ಮನೂ ಬಂದಳು, ಎರಡು ತಿಂಗಳಿಂದ ಬಂದ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಕಟ್ಟಿಕೊಂಡು. ಮೊದಲು ಚೀಲ. ಐದು ಒಂಬೈನೂರು. ಲೆಕ್ಕಕ್ಕಿಂತ ಮುನ್ನೂರು ಗ್ರಾಂ ಜಾಸ್ತಿ.

"ಅದೇನು ಮುನ್ನೂರು?" ಅಂತ ಅಮ್ಮನ ಕಡೆ ನೋಡಿದೆ.

"ಚಟ್ನಿಪುಡಿ. ಅದರಲ್ಲಿ ಹಾಲೂ ಇಲ್ಲ, ಮಾಂಸಾನೂ ಇಲ್ಲ," ಅಂದಳು ಅಮ್ಮ, ಹುಡುಗನ ಕಡೆ ತಿರುಗಿ. "ರಟ್ಟು ತೂಗಪ್ಪ ಈಗ."