'ವಾಕ್' ಎಂದರೆ ನಡೆ, ಅಷ್ಟೇನಾ?

ನಮ್ಮ ಪಾಠಯೋಜನೆಯ ನಮೂನೆಯಲ್ಲಿ 'ಹೊಸ ಪದಗಳು' ಎಂಬ ಅಂಕಣ ಒಂದಿದೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ, ನಡುವೆ ಸಮ ಚಿಹ್ನೆ. ಇಂಗ್ಲಿಷ್ ಬೋಧನಾ ವಿಧಾನದವರು ಮಾತ್ರವಲ್ಲ, ಅಭ್ಯಾಸ ಬೋಧನೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗಗಳಿಗೆ ಹೋಗುವ ವಿಜ್ಞಾನ, ಗಣಿತದ ನಾವೂ ಅದನ್ನು ತುಂಬಬೇಕು. ಅಲ್ಲಿ ನಾವು ಬರೆಯುವುದೆಲ್ಲ ಘರ್ಷಣೆ, ವೇಗೋತ್ಕರ್ಷ, ಸ್ಥಾನಪಲ್ಲಟದಂಥ ದೊಡ್ಡ ದೊಡ್ಡ ಪದಗಳನ್ನು. 'ವಾಕ್' ಎಂಬ ಪದವನ್ನು ಯಾರೂ ಬರೆಯುವುದಿಲ್ಲ. ಅದು ಒಂದನೇ ತರಗತಿಯ ಪದ. ಬರೆದರೂ 'ವಾಕ್ = ನಡೆ' ಎಂದು ಮುಗಿಸುತ್ತೇವೆ. ನನ್ನ ತಕರಾರು ಇರುವುದು ಆ ಸಮ ಚಿಹ್ನೆಯ ಮೇಲೆ. ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳಾಗಿ ಹೇಳುತ್ತೇನೆ, ಎರಡು ಬದಿ ಸಮವಿಲ್ಲದ ಕಡೆ ಅದನ್ನು ಹಾಕಬಾರದು.

ಮೊದಲು ಎಡಬದಿಯನ್ನು ನೋಡೋಣ. ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದೆ. ನಡೆಯುವಾಗ ಪಾದ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಪಾದವನ್ನು ಮುಂದಕ್ಕೆ ತಳ್ಳುತ್ತದೆ, ಘರ್ಷಣೆ ಇಲ್ಲದಿದ್ದರೆ ನಡೆಯುವುದೇ ಆಗದು ಎಂದು ಹೇಳಿ, ಎಣ್ಣೆ ಚೆಲ್ಲಿದ ನೆಲದ ಉದಾಹರಣೆ ಕೊಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಹಂಗಾದ್ರೆ ಸ್ಪೇಸ್‌ವಾಕ್ ಮಾಡ್ತಾರಲ್ಲ, ಅಲ್ಲಿ ನೆಲಾನೇ ಇಲ್ವಲ್ಲ?"

ಇದು ಭೌತವಿಜ್ಞಾನದ ಪ್ರಶ್ನೆಯೋ ಭಾಷೆಯ ಪ್ರಶ್ನೆಯೋ ಎಂದು ಬೇರ್ಪಡಿಸಿ ಹೇಳಲು ನನಗೆ ಈಗಲೂ ಆಗುವುದಿಲ್ಲ. 1965ರ ಮಾರ್ಚ್ 18ರಂದು ಸೋವಿಯತ್ ಗಗನಯಾತ್ರಿ ಅಲೆಕ್ಸಿ ಲಿಯೊನೊವ್ ನೌಕೆಯಿಂದ ಹೊರಬಂದು ಸುಮಾರು 12 ನಿಮಿಷ ಇದ್ದರು. ಅದೇ ಮೊದಲ ಸ್ಪೇಸ್‌ವಾಕ್. ಆದರೆ ಅವರು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ, ಹಗ್ಗದಂಥ ಬಂಧದ ತುದಿಯಲ್ಲಿ ತೇಲುತ್ತಿದ್ದರು. ಈಗಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೆಲಸ ಮಾಡುವವರು ಅಲ್ಲಲ್ಲಿ ಜೋಡಿಸಿದ ಹಿಡಿಕೆಗಳನ್ನು ಒಂದೊಂದಾಗಿ ಹಿಡಿದುಕೊಂಡು ಸಾಗುತ್ತಾರೆ. ಅಂದರೆ ಅಲ್ಲಿ 'ನಡೆಯುವುದು' ಕೈ! ನಾನು ಪಾಠ ಮಾಡಿದ್ದು ನಿಜವಾದ್ದರಿಂದಲೇ ಅದು ನಡಿಗೆ ಅಲ್ಲ. ಹುಡುಗಿಗೆ ಹಾಗೆಯೇ ಹೇಳಿದೆ. ಅವಳು ಮರುಪ್ರಶ್ನೆ ಹಾಕಿದಳು, "ಮತ್ತೆ ವಾಕ್ ಅಂತ ಯಾಕೆ ಹೆಸರಿಟ್ರು?" ಉಳಿದ ಹತ್ತು ನಿಮಿಷ ಘರ್ಷಣೆ ಮುಂದಕ್ಕೆ ಹೋಗಲಿಲ್ಲ. ಹೋಗಬೇಕಾಗಿತ್ತು ಎಂದು ನನಗೆ ಅನಿಸಿಯೂ ಇಲ್ಲ.

ಯಾಕೆ ಹೆಸರಿಟ್ಟರು ಎಂದರೆ ಇಂಗ್ಲಿಷರಿಗೆ ಆ ಪದದೊಳಗಿನ ಕಾಲು ಬಹಳ ಹಿಂದೆಯೇ ಮರೆತುಹೋಗಿದೆ. ಶಾಸನಸಭೆಯಲ್ಲಿ ವಾಕೌಟ್ ಎಂದರೆ ಕಾಲಿನ ವಿಷಯವಲ್ಲ, ಪ್ರತಿಭಟನೆ. ಕಬಡ್ಡಿ ಪಂದ್ಯಕ್ಕೆ ಎದುರು ತಂಡ ಬಾರದೆ ಹೋದರೆ ವಾಕೋವರ್ ಸಿಕ್ಕಿತು ಎನ್ನುತ್ತೇವೆ. ಆ ಪದ ಹುಟ್ಟಿದ್ದು ಕುದುರೆ ರೇಸಿನಲ್ಲಿ, ಸ್ಪರ್ಧೆಗೆ ಒಂದೇ ಕುದುರೆ ಉಳಿದಾಗ ಅದು ಓಡಬೇಕಾಗಿಲ್ಲ, ಅಂಕಣವನ್ನು ಸುಮ್ಮನೆ ನಡೆದು ದಾಟಿದರೆ ಸಾಕು. ನಮ್ಮ ಕಬಡ್ಡಿ ಹುಡುಗರು ಅಷ್ಟೂ ನಡೆಯುವುದಿಲ್ಲ. ಬಿ.ಇಡಿ. ಮುಗಿಸಿದ ನಮ್ಮಂಥವರು ಕಾಯುವ 'ವಾಕ್-ಇನ್' ಸಂದರ್ಶನಕ್ಕೆ ಬಸ್ಸಿನಲ್ಲಿ ಹೋದರೂ ನಡೆಯುತ್ತದೆ, ಮೊದಲೇ ಅರ್ಜಿ ಹಾಕಿರಬೇಕಾಗಿಲ್ಲ ಎಂಬುದಷ್ಟೇ ಅರ್ಥ. ನಮ್ಮ ಪತ್ರಿಕೆಗಳ ಸಂಪಾದಕೀಯ ಮೇಜಿನಲ್ಲಿ ಕೂತವರು ಇದನ್ನು ಚೆನ್ನಾಗಿ ಬಲ್ಲರು. ವಾಕೌಟನ್ನು ಅವರು 'ಸಭಾತ್ಯಾಗ' ಎಂದು ಬರೆಯುತ್ತಾರೆ, ವಾಕ್-ಇನ್ನನ್ನು 'ನೇರ ಸಂದರ್ಶನ' ಎನ್ನುತ್ತಾರೆ. ಎರಡರಲ್ಲೂ 'ನಡೆ' ಇಲ್ಲ. ಅವರಿಗೆ ಗೊತ್ತಿರುವುದು ನಮ್ಮ ಪಾಠಯೋಜನೆಯ ನಮೂನೆಗೆ ಇನ್ನೂ ಗೊತ್ತಾಗಿಲ್ಲ.

ಕ್ರಿಕೆಟ್ಟಿನಲ್ಲಿ ಇನ್ನೊಂದು ಚಂದದ ಅರ್ಥ ಇದೆ. ಅಂಪೈರ್ ಬೆರಳೆತ್ತದಿದ್ದರೂ, ತಾನು ಔಟಾದದ್ದು ತನಗೇ ಗೊತ್ತಿರುವ ಬ್ಯಾಟರ್ ತಾನಾಗಿ ಹೊರಟರೆ ಅದನ್ನೂ 'ವಾಕ್' ಎನ್ನುತ್ತಾರೆ. 2003ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶ್ರೀಲಂಕಾ ವಿರುದ್ಧ ಆ್ಯಡಂ ಗಿಲ್‌ಕ್ರಿಸ್ಟ್ ಹಾಗೆ ಹೊರಟದ್ದನ್ನು ಕ್ರಿಕೆಟ್ ಪ್ರಿಯರು ಇಂದಿಗೂ ನೆನೆಯುತ್ತಾರೆ. ಅಲ್ಲಿ ವಾಕ್ ಎಂದರೆ ಪ್ರಾಮಾಣಿಕತೆ. ಔಟಾದ ಪ್ರತಿಯೊಬ್ಬನೂ ನಡೆದುಕೊಂಡೇ ಪೆವಿಲಿಯನ್‌ಗೆ ಹೋಗುತ್ತಾನೆ, ಆದರೆ ಎಲ್ಲರೂ 'ವಾಕ್' ಮಾಡಿದಂತಲ್ಲ. ಹುಡುಗರಿಗೆ ಇದನ್ನು ಹೇಳಿದರೆ ಸಾಕು, ಒಂದೇ ಪದದ ಎರಡು ಅರ್ಥಗಳ ನಡುವಿನ ವ್ಯತ್ಯಾಸ ಯಾವ ವ್ಯಾಖ್ಯೆಯೂ ಇಲ್ಲದೆ ತಲೆಗೆ ಹೋಗುತ್ತದೆ.

ಈ ಪದ ಹುಟ್ಟಿದಾಗಲೂ ಅದಕ್ಕೆ ನಡಿಗೆಯ ಅರ್ಥ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಉರುಳು, ಹೊರಳು ಎಂದು. ಉಣ್ಣೆಯ ಬಟ್ಟೆಯನ್ನು ಒದ್ದೆ ಮಾಡಿ ತುಳಿದು ಗಟ್ಟಿ ಮಾಡುವ ಕೆಲಸಕ್ಕೂ ಇದೇ ಪದ ಇತ್ತು. 'ವಾಕರ್' ಎಂಬ ಮನೆತನದ ಹೆಸರು ಅಂಥ ಬಟ್ಟೆ ತುಳಿಯುವವರಿಂದ ಬಂದದ್ದು, ಜೋರಾಗಿ ನಡೆಯುವವರಿಂದಲ್ಲ. ಅಂದಹಾಗೆ, ಕನ್ನಡ ಲಿಪಿಯಲ್ಲಿ 'ವಾಕ್' ಎಂದು ಬರೆದ ಕೂಡಲೇ ಅದು ಸಂಸ್ಕೃತದ ಮಾತೂ ಆಗಿಬಿಡುತ್ತದೆ, ವಾಕ್ಯ, ವಾಗ್ವಾದ, ವಾಕ್ಚಾತುರ್ಯದ ವಾಕ್. ನಡೆ ಮತ್ತು ನುಡಿ ಎರಡೂ ಒಂದೇ ಎರಡಕ್ಷರದಲ್ಲಿ ಕೂತ ಈ ಆಕಸ್ಮಿಕ ನನಗೆ ಬಲು ಇಷ್ಟ.

ಇನ್ನು ಬಲಬದಿ. ಅಲ್ಲಿ ನಾವು ನಿಶ್ಚಿಂತೆಯಿಂದ ಬರೆಯುವ 'ನಡೆ' ಎಂಥ ಪದ ನೋಡಿ. ಮದುವೆ ನಡೆಯುತ್ತದೆ, ಪರೀಕ್ಷೆ ನಡೆಯುತ್ತದೆ, ಗಲಾಟೆ ನಡೆಯುತ್ತದೆ. ಮನೆಯಲ್ಲಿ ಅಜ್ಜಿಯ ಮಾತೇ ನಡೆಯುತ್ತದೆ. 'ನಿನ್ನ ಆಟ ನನ್ನ ಹತ್ರ ನಡೆಯಲ್ಲ' ಎನ್ನುತ್ತೇವೆ. ಹತ್ತು ರೂಪಾಯಿಯ ನಾಣ್ಯ ಕೊಟ್ಟರೆ ಅಂಗಡಿಯವರು 'ಇದು ಇಲ್ಲಿ ನಡೆಯಲ್ಲ ಮೇಡಂ' ಎಂದು ವಾಪಸು ಕೊಡುತ್ತಾರೆ. ಚದುರಂಗದಲ್ಲಿ ಕುದುರೆಗೊಂದು ನಡೆ, ಆನೆಗೊಂದು ನಡೆ. ಸಂಗೀತ ಕಲಿಯುವವರಿಗೆ ತಿಶ್ರ ನಡೆ, ಚತುರಶ್ರ ನಡೆ. ಸರ್ಕಾರದ ಆದೇಶದ ತಲೆಯ ಮೇಲೆ 'ನಡವಳಿಗಳು'. ಮಗುವಿನ ಗುಣ ಹೇಳುವಾಗ ನಡತೆ, ನಡವಳಿಕೆ. ಬೇಗ ಹೊರಡು ಎನ್ನಲು 'ನಡಿ ನಡಿ'. ಇಷ್ಟರಲ್ಲಿ ಎಷ್ಟನ್ನು 'ವಾಕ್' ಹೊರಬಲ್ಲದು? ಒಂದನ್ನೂ ಇಲ್ಲ.

ಹೀಗಾಗಿಯೇ ಮಕ್ಕಳ ಪಟ್ಟಿ ಪುಸ್ತಕಗಳಲ್ಲಿ 'ಜಾತ್ರಾ ಈಸ್ ವಾಕಿಂಗ್ ಇನ್ ಅವರ್ ವಿಲೇಜ್', 'ಎಕ್ಸಾಮ್ ಈಸ್ ವಾಕಿಂಗ್' ಎಂಬ ವಾಕ್ಯಗಳು ಸಿಗುತ್ತವೆ. (ಜಾತ್ರೆಯಲ್ಲಿ ತೇರು ಸಾಗುವುದನ್ನು ನೋಡಿದವರಿಗೆ ಮೊದಲನೆಯದು ಪೂರ್ತಿ ಸುಳ್ಳು ಎನಿಸಲಿಕ್ಕಿಲ್ಲ.) ಇಂಥದ್ದನ್ನು ನಾವು ಶಿಕ್ಷಕರ ಕೊಠಡಿಯಲ್ಲಿ ಓದಿ ನಗುತ್ತೇವೆ. ಆದರೆ ಆ ಮಗು ಮಾಡಿದ್ದೇನು? ಸಮ ಚಿಹ್ನೆಯನ್ನು ನಂಬಿತು. 'ಎ'ಗೆ 'ಬಿ' ಸಮ ಎಂದಾದರೆ 'ಬಿ' ಇದ್ದಲ್ಲೆಲ್ಲ 'ಎ' ಹಾಕಬಹುದು ಎಂದು ಗಣಿತದ ತರಗತಿಯಲ್ಲಿ ನಾವೇ ಕಲಿಸಿದ್ದೇವೆ. ಕಲಿಸಿದ್ದನ್ನು ಸರಿಯಾಗಿ ಅನ್ವಯಿಸಿದ ಮಗುವಿಗೆ ಕೆಂಪು ಗೆರೆ ಬೀಳುತ್ತದೆ. ತಪ್ಪು ಅದರ ವಾಕ್ಯದಲ್ಲಿ ಹುಟ್ಟಲಿಲ್ಲ, ನಮ್ಮ ಅಂಕಣದಲ್ಲಿ ಹುಟ್ಟಿತು.

ಇದಕ್ಕೆ ಕೆಲವು ಗೆಳೆಯರು ಕಂಡುಕೊಂಡ ದಾರಿ ಕನ್ನಡವನ್ನೇ ತರಗತಿಯಿಂದ ಹೊರಗಿಡುವುದು. ಕನ್ನಡದಲ್ಲಿ ಯೋಚಿಸುವುದರಿಂದಲೇ ಹೀಗಾಗುತ್ತದೆ ಎಂಬುದು ಅವರ ವಾದ. ಪಾಠ ವೀಕ್ಷಣೆಗೆ ಬಂದ ಹಿರಿಯರೊಬ್ಬರು ನನ್ನ ದಾಖಲೆ ಪುಸ್ತಕದಲ್ಲಿ 'ಮಾತೃಭಾಷೆಯ ಬಳಕೆ ಕಡಿಮೆ ಮಾಡಿ' ಎಂದು ಬರೆದಿದ್ದಾರೆ. ಅವರ ಕಾಳಜಿಯ ಬಗ್ಗೆ ಗೌರವ ಇಟ್ಟುಕೊಂಡೇ ನಾನು ಒಪ್ಪುವುದಿಲ್ಲ. ಮಗು ತಲೆಯೊಳಗೆ ಕನ್ನಡದಲ್ಲಿ ಯೋಚಿಸುವುದನ್ನು ಯಾವ ಸೂಚನೆಯೂ ನಿಲ್ಲಿಸಲಾರದು, ನಮಗೆ ಕೇಳಿಸದಂತೆ ಮಾಡಬಹುದು ಅಷ್ಟೆ. ಕೇಳಿಸದಿದ್ದರೆ ಎಲ್ಲಿ ಎಡವಿತು ಎಂಬುದೂ ತಿಳಿಯುವುದಿಲ್ಲ. ಬದಲಿಗೆ 'ನಡೆ'ಯ ಎಲ್ಲ ಬಳಕೆಗಳನ್ನೂ ಮಕ್ಕಳಿಂದಲೇ ಹೇಳಿಸಿ ಕಪ್ಪುಹಲಗೆಯ ಮೇಲೆ ಬರೆಯಿರಿ. 'ಇವುಗಳಲ್ಲಿ ಕಾಲು ಇರುವುದು ಯಾವುದರಲ್ಲಿ?' ಎಂದು ಕೇಳಿ. ಒಂದೇ ನಿಮಿಷದಲ್ಲಿ ವಿಂಗಡಿಸಿ ಕೊಡುತ್ತಾರೆ. ಕಾಲಿರುವುದಕ್ಕೆ ವಾಕ್, ಇಲ್ಲದ್ದಕ್ಕೆ ಬೇರೆ ಏನು ಎಂದು ಅವರೇ ಕೇಳುತ್ತಾರೆ. ಆ ಕೇಳುವಿಕೆ ಬಂದ ಮೇಲೆ ಇಂಗ್ಲಿಷ್ ಕಲಿಸುವುದು ಸುಲಭ.

ವ್ಯಾಕರಣಕ್ಕೂ ಇದೇ ಏಣಿ ಸಾಕು. ಇಂಗ್ಲಿಷಿನಲ್ಲಿ ಮನುಷ್ಯನೂ 'ವಾಕ್' ಮಾಡುತ್ತಾನೆ, ನಾಯಿಯನ್ನೂ 'ವಾಕ್' ಮಾಡುತ್ತಾನೆ, ರೂಪ ಬದಲಾಗುವುದಿಲ್ಲ. ಅಕರ್ಮಕ, ಸಕರ್ಮಕ ಎಂದು ವಿವರಿಸಲು ಹೊರಟರೆ ಮಕ್ಕಳ ಕಣ್ಣು ಕಿಟಕಿಯ ಕಡೆಗೆ ಹೋಗುತ್ತದೆ. ಕನ್ನಡದಲ್ಲಿ ನಾವು ನಡೆಯುತ್ತೇವೆ, ಮಗುವನ್ನು ನಡೆಸುತ್ತೇವೆ. ಒಂದು 'ಸು' ಸೇರಿದರೆ ಕೆಲಸವಾಯಿತು. ನಿಮ್ಮ ಭಾಷೆಯಲ್ಲಿ 'ಸು' ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಪದ ನಿಂತ ಜಾಗವೇ ಮಾಡುತ್ತದೆ ಎಂದರೆ ಏಳನೇ ತರಗತಿಯವರಿಗೂ ಅರ್ಥವಾಗುತ್ತದೆ. ಇನ್ನು 'ವಾಕಿಂಗ್ ಎನ್‌ಸೈಕ್ಲೊಪೀಡಿಯಾ' ಎಂಬ ಪ್ರಯೋಗಕ್ಕಂತೂ ವಿವರಣೆಯೇ ಬೇಡ, ಶಿವರಾಮ ಕಾರಂತರನ್ನು 'ನಡೆದಾಡುವ ವಿಶ್ವಕೋಶ' ಎಂದು, ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು 'ನಡೆದಾಡುವ ದೇವರು' ಎಂದು ಕರೆದ ನಾಡು ನಮ್ಮದು.

'ಇದೆಲ್ಲ ಇಂಗ್ಲಿಷ್ ವಿಧಾನದವರ ಕೆಲಸ, ನಿನಗ್ಯಾಕೆ?' ಎಂದು ನನ್ನ ಸಹಪಾಠಿಗಳು ಕೇಳಿದ್ದಾರೆ. ಉತ್ತರ ನಮ್ಮ ವಿಷಯದಲ್ಲೇ ಇದೆ. ಗ್ರಾಫ್ ಸಿದ್ಧಾಂತದಲ್ಲಿ ವಾಕ್, ಟ್ರೇಲ್, ಪಾತ್ ಎಂಬ ಮೂರು ಪದಗಳಿವೆ. ದಿನಬಳಕೆಯಲ್ಲಿ ಮೂರೂ ಹಾದಿಗೆ ಸಂಬಂಧಪಟ್ಟವು, ನಿಘಂಟು ನೋಡಿದರೆ ಒಂದನ್ನೊಂದು ತೋರಿಸುತ್ತವೆ. ಗಣಿತದಲ್ಲಿ ಹಾಗಲ್ಲ. ವಾಕ್‌ನಲ್ಲಿ ಬಂದ ಬಿಂದುವಿಗೂ ಬಂದ ರೇಖೆಗೂ ಎಷ್ಟು ಸಲ ಬೇಕಾದರೂ ಮರಳಬಹುದು. ಟ್ರೇಲ್‌ನಲ್ಲಿ ಒಮ್ಮೆ ತುಳಿದ ರೇಖೆಯನ್ನು ಮತ್ತೆ ತುಳಿಯುವಂತಿಲ್ಲ. ಪಾತ್‌ನಲ್ಲಿ ಬಿಂದುವಿಗೂ ಮರಳುವಂತಿಲ್ಲ. 18ನೇ ಶತಮಾನದಲ್ಲಿ ಆಯ್ಲರ್ ಬಿಡಿಸಿದ ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಸಮಸ್ಯೆಯನ್ನೇ ತೆಗೆದುಕೊಳ್ಳಿ. ಸುಮ್ಮನೆ ಏಳೂ ಸೇತುವೆ ದಾಟಿ ಬನ್ನಿ ಎಂದರೆ ಯಾರೂ ದಾಟಬಹುದು. ಪ್ರತಿಯೊಂದನ್ನೂ ಒಮ್ಮೆ, ಒಮ್ಮೆ ಮಾತ್ರ ದಾಟಿ ಎಂದಾಗ ಅಸಾಧ್ಯವಾಗುತ್ತದೆ. ಸಮಸ್ಯೆಯ ಜೀವ ಇರುವುದೇ ಆ ಪದಗಳ ಅಂತರದಲ್ಲಿ. ಮೊದಲ ವರ್ಷದ ಪದವಿಯಲ್ಲಿ ಈ ಮೂರನ್ನೂ 'ದಾರಿ' ಎಂದುಕೊಂಡು ಒದ್ದಾಡಿದ ಜಾಣರನ್ನು ನಾನು ಕಂಡಿದ್ದೇನೆ. ಅವರಿಗೆ ಗಣಿತ ಬರುತ್ತಿರಲಿಲ್ಲ ಎಂದಲ್ಲ.

ಹಾಗೆಯೇ 'ರ‍್ಯಾಂಡಮ್ ವಾಕ್'. 1905ರಲ್ಲಿ ಕಾರ್ಲ್ ಪಿಯರ್ಸನ್ 'ನೇಚರ್' ಪತ್ರಿಕೆಗೆ ಬರೆದ ಪುಟ್ಟ ಪತ್ರದಿಂದ ಈ ಹೆಸರು ರೂಢಿಗೆ ಬಂತು. ಒಬ್ಬ ಮನುಷ್ಯ ಒಂದಷ್ಟು ದೂರ ನೇರ ನಡೆಯುತ್ತಾನೆ, ಮನಬಂದ ಕಡೆಗೆ ತಿರುಗುತ್ತಾನೆ, ಮತ್ತೆ ಅಷ್ಟೇ ದೂರ ನಡೆಯುತ್ತಾನೆ, ಹೀಗೇ ಹೋದರೆ ಕೊನೆಗೆ ಎಲ್ಲಿರುತ್ತಾನೆ ಎಂಬುದು ಪ್ರಶ್ನೆ. ನೂರು ಹೆಜ್ಜೆ ಇಟ್ಟರೂ ಆತ ಹೊರಟ ಜಾಗದಿಂದ ಸುಮಾರು ಹತ್ತು ಹೆಜ್ಜೆಯ ಆಸುಪಾಸಿನಲ್ಲೇ ಇರುತ್ತಾನೆ, ನೂರರ ವರ್ಗಮೂಲದಷ್ಟು. ಇದನ್ನು ಶಾಲೆಯ ಅಂಗಳದಲ್ಲಿ ಮಾಡಿಸಿ ನೋಡಿ. ಸುಣ್ಣದ ಗೆರೆ ಎಳೆದು, ಪ್ರತಿ ಮಗುವಿಗೂ ನಾಣ್ಯ ಕೊಟ್ಟು, ತಲೆ ಬಿದ್ದರೆ ಬಲಕ್ಕೆ, ಬಾಲ ಬಿದ್ದರೆ ಎಡಕ್ಕೆ ಒಂದೊಂದು ಹೆಜ್ಜೆ ಎಂದು 25 ಸಲ ಚಿಮ್ಮಿಸಿ. ಹೆಚ್ಚಿನವರು ಗೆರೆಯಿಂದ ಐದು ಹೆಜ್ಜೆಯೊಳಗೇ ಉಳಿಯುತ್ತಾರೆ. (ಅಂಗಡಿಯಲ್ಲಿ ನಡೆಯದ ಹತ್ತು ರೂಪಾಯಿಯ ನಾಣ್ಯ ಇಲ್ಲಿ ನಡೆಯುತ್ತದೆ.) ಕನ್ನಡದಲ್ಲಿ ಇದಕ್ಕೆ 'ಯಾದೃಚ್ಛಿಕ ನಡಿಗೆ' ಎನ್ನುತ್ತಾರೆ, ಮೊದಲ ಪದ ಹೆದರಿಸಿದರೂ ಎರಡನೆಯದು ಸರಿಯಾಗಿ ಕೂತಿದೆ.

2019–20ರಿಂದ ನಮ್ಮ ರಾಜ್ಯದ ಹಲವು ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾಗಿವೆ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಕ್ಕಳು ಅಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದಾರೆ. 'ಫ್ರಿಕ್ಷನ್' ಎಂಬ ಪದ ಅವರಿಗೂ ಹೊಸದು, ಇಂಗ್ಲಿಷ್ ಮಾತಾಡುವ ಮನೆಯ ಮಗುವಿಗೂ ಹೊಸದು. ಅದನ್ನು ನಾವು ವಿವರಿಸುತ್ತೇವೆ. ವಾಕ್, ಸ್ಟೆಪ್, ರನ್, ಟೇಕ್‌ಗಳನ್ನು ಯಾರೂ ವಿವರಿಸುವುದಿಲ್ಲ. ಆ ಎರಡು ಮಕ್ಕಳ ನಡುವಿನ ಅಂತರ ಬೆಳೆಯುವುದು ಈ ಸಣ್ಣ ಪದಗಳಲ್ಲೇ ಎಂಬುದು ನನ್ನ ಅಭಿಪ್ರಾಯ. ಇದನ್ನು ಇಂಗ್ಲಿಷ್ ಅವಧಿಗೆ ಬಿಟ್ಟುಬಿಡಲು ಆಗುವುದಿಲ್ಲ. ಪದ ಬರುವುದು ನಮ್ಮ ಪಾಠದಲ್ಲಿ, ಎಡವುವುದೂ ನಮ್ಮ ಪಾಠದಲ್ಲಿ.

ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲ ಸಮಯ ಎಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದು. ಹಾಗೆಂದು ವಾಕ್‌ನ ಇಪ್ಪತ್ತು ಅರ್ಥಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದನ್ನು ನಾನು ಹೇಳುತ್ತಿಲ್ಲ. ಅದು ಒಂದು ಸಮ ಚಿಹ್ನೆಯ ಬದಲು ಇಪ್ಪತ್ತು ಸಮ ಚಿಹ್ನೆ ಹಾಕಿದಂತೆ. ಆ ದಿನದ ಪಾಠಕ್ಕೆ ಯಾವ ಅರ್ಥ ಬಂದಿದೆಯೋ ಅದೊಂದು, ಅದರ ಪಕ್ಕದಲ್ಲಿ ಮಗು ಗೊಂದಲ ಮಾಡಿಕೊಳ್ಳಬಹುದಾದ ಇನ್ನೊಂದು. ಎರಡಕ್ಕೂ ಒಂದೊಂದು ವಾಕ್ಯ. ಮೂರು ನಿಮಿಷ ಸಾಕು.

ನಮ್ಮ ಗುಂಪಿನ ಆರು ಮಂದಿ ಸೇರಿ ಪಾಠಯೋಜನೆಯ ಆ ಅಂಕಣವನ್ನು ಬದಲಿಸಿದ ಒಂದು ನಮೂನೆ ಮಾಡಿ ವಿಧಾನ ಉಪನ್ಯಾಸಕರಿಗೆ ಕೊಟ್ಟಿದ್ದೇವೆ. ಸಮ ಚಿಹ್ನೆ ತೆಗೆದಿದ್ದೇವೆ. 'ಪದ', 'ಈ ಪಾಠದ ವಾಕ್ಯ', 'ಮಕ್ಕಳು ಹೇಳಿದ ಕನ್ನಡ ವಾಕ್ಯ' ಎಂದು ಮೂರು ಅಂಕಣ. ಮೂರನೆಯದನ್ನು ಪಾಠಕ್ಕೆ ಮೊದಲು ತುಂಬುವಂತಿಲ್ಲ, ತರಗತಿಯಿಂದ ಬಂದ ಮೇಲೆಯೇ ತುಂಬಬೇಕು. ವೀಕ್ಷಣೆಗೆ ಬಂದವರು ಖಾಲಿ ಅಂಕಣ ನೋಡಿ ಅಂಕ ಕಳೆಯದಂತೆ ನಮೂನೆಯ ಕೆಳಗೆ ಒಂದು ಸೂಚನೆ ಬೇಕಾಗುತ್ತದೆ. ಅದರ ಮಾತು ಹೇಗಿರಬೇಕು ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.