ಗೇರಿಲ್ಲದ ಲೈಸೆನ್ಸು

ನಮ್ಮ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಸೀಮೆಯಲ್ಲಿ 'ಲೇಡೀಸ್ ಗಾಡಿ' ಎಂದರೆ ಗೇರಿಲ್ಲದ ಗಾಡಿ ಎಂದೇ ಅರ್ಥ. ಯಾವ ಕಂಪನಿಯದೇ ಇರಲಿ, ಅದರ ಹೆಸರು 'ಸ್ಕೂಟಿ'. ಗಂಡಸರು ಅದನ್ನು ಹತ್ತಿ ಪೇಟೆಗೆ ಬಂದರೆ, ಯಾರೂ ಕೇಳದಿದ್ದರೂ "ಮನಿಯವರ ಗಾಡಿ ತಂದೀನಿ" ಎಂದು ಹೇಳಿಕೊಳ್ಳುತ್ತಾರೆ. ಈಗೀಗ ಈ ಭೇದ ಕಾರಿಗೂ ಬಂದಿದೆ. ಕಾರು ನೋಡಲು ಹೋದ ಹೆಂಗಸಿಗೆ ಶೋರೂಮಿನ ಹುಡುಗ, ಯಾವ ಬಣ್ಣ ಬೇಕೆಂದು ಕೇಳುವ ಮೊದಲೇ, "ಮ್ಯಾಡಮ್, ನಿಮಗ ಆಟೋಮ್ಯಾಟಿಕ್ ಚಲೋ ರೀ. ಕ್ಲಚ್ ಇಲ್ಲ, ಗೇರ್ ಇಲ್ಲ, ತಲಿಬ್ಯಾನಿ ಇಲ್ಲ" ಎನ್ನುತ್ತಾನೆ. ನನಗೂ ಹಾಗೆಯೇ ಅಂದ. ಜೊತೆಗೆ ಬಂದಿದ್ದ ನನ್ನ ತಮ್ಮನ ಮಗನಿಗೆ, ಇನ್ನೂ ಲೈಸೆನ್ಸೇ ಇಲ್ಲದ ಆ ಹುಡುಗನಿಗೆ, "ನಿನಗಾದ್ರ ಗೇರಿಂದ ಮಜಾ ಬರತೈತಿ ನೋಡಪಾ" ಎಂದ. 1997ರಿಂದ ಗೇರಿನ ಗಾಡಿ ಹೊಡೆಯುತ್ತ ಬಂದ ನನ್ನ ತಲೆಬೇನೆಯ ಚಿಂತೆ ಆ ಪುಣ್ಯಾತ್ಮನಿಗೆ ಯಾಕೆ ಬಂತೋ ತಿಳಿಯದು.

ನಾನು ಗೇರಿನ ಪಕ್ಷದವಳು. ಆದರೆ ಗೇರಿನ ಪರವಾಗಿ ನಮ್ಮ ಗಂಡಸರು ಕಟ್ಟೆಯ ಮೇಲೆ ಕುಳಿತು ಆಡುವ ಮಾತೆಲ್ಲ ನನ್ನದಲ್ಲ. ಗೇರು ಹಾಕುವುದೇ ಗಂಡಸ್ತನ, ಗೇರಿಲ್ಲದ್ದು ಆಟಿಗೆ ಎನ್ನುವವರ ಬೈಕನ್ನು ನಾನು ನೋಡಿದ್ದೇನೆ. ಮೂರನೇ ಗೇರಿನಲ್ಲಿ ಏರು ಹತ್ತಿಸಲು ಹೋಗಿ ಎಂಜಿನ್ನನ್ನು ಕೆಮ್ಮಿಸುತ್ತಾರೆ, ಇಳಿಜಾರಿನಲ್ಲಿ ಪೆಟ್ರೋಲ್ ಉಳಿಯಿತೆಂದು ನ್ಯೂಟ್ರಲ್ ಮಾಡಿ ಬಿಡುತ್ತಾರೆ. ಹಾಗೆ ಬಿಡುವವನಿಗೆ ಗೇರು ಇದ್ದೂ ಇಲ್ಲದಂತೆಯೇ. ಅವರ ಬಡಾಯಿ ಬದಿಗಿರಲಿ. ಗೇರನ್ನು ಇಷ್ಟಪಡಲು ನಿಜವಾದ ಕಾರಣಗಳಿವೆ, ಅವು ನಮ್ಮ ರಸ್ತೆಗಳಲ್ಲೇ ಬಿದ್ದಿವೆ.

ನಿಪ್ಪಾಣಿಯ ಹತ್ತಿರದ ತವಂದಿ ಘಾಟನ್ನೇ ತೆಗೆದುಕೊಳ್ಳಿ, ಅಥವಾ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಆಜರೆಯ ಮೇಲೆ ಇಳಿಯುವ ಅಂಬೋಲಿ ಘಾಟನ್ನು. ಇಳಿಯುವಾಗ ಎರಡನೇ ಗೇರು ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಎಂಜಿನ್ನೇ ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಇಳುಕಲಿನಲ್ಲಿ ಎತ್ತು ಹಿಂದಕ್ಕೆ ಒರಗಿ ಚಕ್ಕಡಿಯನ್ನು ತಡೆಯುವುದಿಲ್ಲವೇ, ಹಾಗೆ. ಬ್ರೇಕು ಆಗೊಮ್ಮೆ ಈಗೊಮ್ಮೆ ಮುಟ್ಟಿದರೆ ಸಾಕು. ಗೇರಿಲ್ಲದ ಸ್ಕೂಟರಿನ ಒಳಗೆ ಇರುವುದು ಒಂದು ಬೆಲ್ಟು, ಎರಡು ಪುಲ್ಲಿ. ವೇಗ ಇಳಿದಾಗ ಅದರ ಕ್ಲಚ್ಚು ತಾನೇ ಕೈಬಿಡುತ್ತದೆ; ಆಮೇಲೆ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ. ಉದ್ದನೆಯ ಇಳಿಜಾರಿನಲ್ಲಿ ಒಂದೇ ಸಮನೆ ಹಿಡಿದ ಬ್ರೇಕು ಕಾಯ್ದು ಸೋಲುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲಿಯೂ ಕೆಳಗಿನ ಗೇರಿಗೆ ಇಳಿಸಿಕೊಳ್ಳುವ ಅನುಕೂಲ ಇರುತ್ತದೆ. ಆದರೆ ಗೇರೆಂದರೇನು ಎಂದು ಒಮ್ಮೆಯೂ ಹೇಳಿಸಿಕೊಳ್ಳದವಳು ಆ ಕಡ್ಡಿಯನ್ನು ಯಾಕೆ ಮುಟ್ಟಿಯಾಳು?

ಇನ್ನು ಕಬ್ಬಿನ ಹಂಗಾಮು. ಉಗಾರದ ಕಾರ್ಖಾನೆಗೆ, ಅಥಣಿಯ ಕಾರ್ಖಾನೆಗೆ, ನಮ್ಮ ಚಿಕ್ಕೋಡಿಯ ದೂಧಗಂಗಾಕ್ಕೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತ ಹೊರಟವೆಂದರೆ, ಅವುಗಳ ಹಿಂದೆ ನಡೆಯುವ ವೇಗದಲ್ಲಿ ಹೋಗಬೇಕು. ಏರಿನ ನಡುವೆ ಮುಂದಿನ ಟ್ರ್ಯಾಕ್ಟರು ನಿಂತರೆ ನಾವೂ ನಿಲ್ಲಬೇಕು. ಆಗ ಕ್ಲಚ್ಚನ್ನು ಅರ್ಧ ಬಿಟ್ಟರೆ ಗಾಡಿ ಸಣ್ಣಗೆ ನಡುಗುತ್ತದೆ. ಹಿಡಿಯಿತು ಎಂದು ಅಂಗಾಲಿಗೆ ಗೊತ್ತಾಗುತ್ತದೆ. ಆ ನಡುಕ ತಿಳಿದವಳ ಗಾಡಿ ಹಿಂದೆ ಸರಿಯುವುದಿಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ರಾಡಿಯಲ್ಲಿ ಒಂದನೇ ಗೇರು ಹಾಕಿ ಜೋರು ಮಾಡಿದರೆ ಗಾಲಿ ನಿಂತಲ್ಲೇ ತಿರುಗಿ ಇನ್ನೂ ಹೂತುಕೊಳ್ಳುತ್ತದೆ. ಎರಡನೆಯದರಲ್ಲಿ ಮೆಲ್ಲಗೆ ಎತ್ತಿದರೆ ಹೊರಗೆ ಬರುತ್ತದೆ. ಬ್ಯಾಟರಿ ಇಳಿದ ಮುಂಜಾನೆ, ಗೇರಿನ ಕಾರಿಗೆ ನಾಲ್ಕು ಮಂದಿ ಧಕ್ಕಾ ಕೊಟ್ಟರೆ ಚಾಲೂ ಆಗುತ್ತದೆ. ಆಟೋಮ್ಯಾಟಿಕ್ಕಿಗೆ ಊರೇ ಬಂದು ನೂಕಿದರೂ ಆಗದು.

ಖರ್ಚಿನ ಮಾತೂ ಇದೆ, ಮಾಸ್ತರಿಕೆಯ ಪಗಾರದಲ್ಲಿ ಅದು ಸಣ್ಣ ಮಾತಲ್ಲ. 2014ರಲ್ಲಿ ಮಾರುತಿಯ ಸೆಲೆರಿಯೊ ಕಾರಿನೊಂದಿಗೆ ಕಡಿಮೆ ದರದ ಆಟೋಮ್ಯಾಟಿಕ್ ನಮ್ಮಂಥವರ ಕೈಗೆ ಎಟುಕುವಂತೆ ಆಯಿತು. ಅದರೊಳಗಿನದು ಅದೇ ಹಳೆಯ ಗೇರುಪೆಟ್ಟಿಗೆ. ಕ್ಲಚ್ಚು ಒತ್ತಿ ಗೇರು ಬದಲಿಸುವ ಕೆಲಸವನ್ನು ನಮ್ಮ ಬದಲು ಒಂದು ಯಂತ್ರ ಮಾಡುತ್ತದೆ. ಪೆಟ್ರೋಲಿನಲ್ಲಿ ಈಗ ಹೆಚ್ಚು ವ್ಯತ್ಯಾಸವಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಯಂತ್ರಕ್ಕಾಗಿ ಅರ್ಧ ಲಕ್ಷದ ಆಸುಪಾಸು ಹೆಚ್ಚು ಕೊಡಬೇಕು. ಕ್ಲಚ್ ಪ್ಲೇಟು ಸವೆದರೆ ರಾಯಬಾಗದ ಮಿಸ್ತ್ರಿ ಸಂಜೆಯೊಳಗೆ ಹಾಕಿಕೊಡುತ್ತಾನೆ. ಆ ಯಂತ್ರ ಕೆಟ್ಟರೆ ಕಾರನ್ನು ಬೆಳಗಾವಿಗೋ ಕೊಲ್ಹಾಪುರಕ್ಕೋ ಹೊತ್ತುಕೊಂಡು ಹೋಗಬೇಕು.

ಇಷ್ಟೆಲ್ಲ ಕಾರಣಗಳನ್ನು ಗಂಡಸರು ತಮಗೆ ತಾವೇ ಹೇಳಿಕೊಳ್ಳುತ್ತಾರೆ, ನಮಗೆ ಮಾತ್ರ ಹೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ಏರು, ಇಳುಕಲು, ರಾಡಿ, ಕಬ್ಬಿನ ಟ್ರೇಲರು ಇವು ಹೆಂಗಸು ಬಂದಳೆಂದು ದಾರಿ ಬಿಟ್ಟು ಸರಿದು ನಿಲ್ಲುತ್ತವೆಯೇ?

ಸೀರೆ ಉಟ್ಟವರಿಗೆ ಗೇರು ಆಗದು ಎನ್ನುತ್ತಾರೆ. ಇದೊಂದು ಶುದ್ಧ ಸುಳ್ಳು. ನಾನು ಕಲಿತದ್ದು ಬಜಾಜ್ ಎಂ-80 ಮೇಲೆ. ಹಾಲಿನವರು ಎರಡೂ ಬದಿಗೆ ಕ್ಯಾನು ತೂಗುಹಾಕಿಕೊಂಡು ಊರೂರು ತಿರುಗುತ್ತಿದ್ದ ಗಾಡಿ ಅದು. ರಾಯಬಾಗ ತಾಲೂಕಿನ ಒಂದು ಹಳ್ಳಿಗೆ ನನಗೆ ಮೊದಲ ನೇಮಕಾತಿ ಆದಾಗ ಅಲ್ಲಿಗೆ ದಿನಕ್ಕೆ ಎರಡೇ ಬಸ್ಸು. ನಮ್ಮ ಮಾವನವರು ತಮ್ಮ ಎಂ-80 ತೋರಿಸಿ, "ಕಲಕೊಳ್ಳ ಯವ್ವಾ, ಬಸ್ಸಿಗೆ ಕಾಯೂದು ಯಾಕ" ಎಂದರು. ಅದರಲ್ಲಿ ಗೇರು ಎಡಗೈಯ ಹಿಡಿಕೆಯಲ್ಲೇ ಇತ್ತು, ಕ್ಲಚ್ಚೂ ಅಲ್ಲೇ. ಮುಂದೆ ಟಾಕಿ ಅಡ್ಡ ಬರುತ್ತಿರಲಿಲ್ಲವಾದ್ದರಿಂದ ಆರು ವಾರಿ ಸೀರೆಯಲ್ಲೂ ಸಲೀಸಾಗಿ ಕೂಡಬಹುದಿತ್ತು. ಎಲ್ಲ ಮನೆಗಳಲ್ಲಿದ್ದ ಬಜಾಜ್ ಚೇತಕ್ ಸ್ಕೂಟರೂ ಹಾಗೆಯೇ: ಗೇರು ಎಡಗೈಯಲ್ಲಿ, ಮುಂದೆ ಕಾಲಿಡಲು ಬಯಲು. ಸೀರೆಗೆ ಅಡ್ಡಿಯಾಗುವುದು ಬೈಕಿನ ಟಾಕಿ, ಗೇರಲ್ಲ. ಆದರೂ ಚೇತಕ್ಕಿನ ಮೇಲೆ ಹೆಂಗಸಿನ ಜಾಗ ಹಿಂದಿನ ಸೀಟೇ ಆಗಿತ್ತು. ಒಂದು ಕಡೆ ಕಾಲು ಹಾಕಿಕೊಂಡು, ಮಡಿಲಲ್ಲಿ ಕೂಸನ್ನು ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕಾಯಿಪಲ್ಲೆಯ ಚೀಲ ಹಿಡಿದು, ಬೀಳದಂತೆ ಕೂಡುವುದು ಗೇರು ಹಾಕುವುದಕ್ಕಿಂತ ಸುಲಭದ ವಿದ್ಯೆ ಎಂದು ಯಾರು ಹೇಳಿದವರು?

1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಗುಂಡಿ ಒತ್ತಿದರೆ ಚಾಲೂ, ಗೇರಿನ ಗೊಡವೆ ಇಲ್ಲ. ತೊಂಬತ್ತರ ದಶಕದಲ್ಲಿ ಸ್ಕೂಟಿ, ಆಮೇಲೆ ಆಕ್ಟಿವಾ. ಇವುಗಳ ಉಪಕಾರವನ್ನು ಮರೆತರೆ ನಾನು ಕೃತಘ್ನಳಾದೇನು. ಕಾಗವಾಡದಿಂದ ಮಿರಜಿಗೆ ಕಾಲೇಜಿಗೆ, ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ನೌಕರಿಗೆ, ಹುಡುಗಿಯರು ಯಾರ ಹಂಗೂ ಇಲ್ಲದೆ ಹೋಗಿಬಂದದ್ದು ಇವುಗಳ ಮೇಲೆಯೇ. ಮೊಣಕಾಲು ನೋವಿನವರಿಗೆ, ಎಡಗಾಲಿನಲ್ಲಿ ಬಲವಿಲ್ಲದವರಿಗೆ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಕ್ಕೆ ಎರಡು ತಾಸು ಕ್ಲಚ್ಚು ಒತ್ತಿ ಸಾಕಾದವರಿಗೆ ಆಟೋಮ್ಯಾಟಿಕ್ ವರವೇ ಸರಿ. ನಾನು ಜಗಳವಾಡುವುದು ಯಂತ್ರದ ಜೊತೆ ಅಲ್ಲ. ಹೀರೋ ಹೋಂಡಾದವರು ಪ್ಲೆಷರ್ ಸ್ಕೂಟರನ್ನು ಮಾರುವಾಗ, ಮಜವೆಲ್ಲ ಹುಡುಗರಿಗೇ ಯಾಕೆ ಎಂದು ಜಾಹೀರಾತಿನಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. ಕೇಳಿ, ಹುಡುಗಿಯ ಕೈಗೆ ಗೇರಿಲ್ಲದ್ದನ್ನೇ ಕೊಟ್ಟರು! ನಮಗೆ ಸುಲಭವಾಗಲಿ ಎಂದು ತೆರೆದ ಬಾಗಿಲು ಇಪ್ಪತ್ತು ವರ್ಷಗಳಲ್ಲಿ ನಮ್ಮ ಅಳತೆಯೇ ಆಗಿಹೋಯಿತು. ಬೇಕಾಗಿ ಆರಿಸಿಕೊಳ್ಳುವುದು ಬೇರೆ, ಇಷ್ಟೇ ನಿನ್ನ ಪಾಲು ಎಂದು ಬಡಿಸಿಕೊಳ್ಳುವುದು ಬೇರೆ.

ಈ ಅಳತೆ ಸರಕಾರಿ ಕಾಗದದ ಮೇಲೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಗೇರಿಲ್ಲದ ಮೋಟಾರ್ ಸೈಕಲ್ಲೇ ಒಂದು ವರ್ಗ, ಗೇರಿನದೇ ಇನ್ನೊಂದು. ಗೇರಿನ ಲೈಸೆನ್ಸು ಇದ್ದವರು ಎರಡನ್ನೂ ಹೊಡೆಯಬಹುದು. ಗೇರಿಲ್ಲದ ಲೈಸೆನ್ಸಿನವಳು ಗಂಡನ ಬೈಕನ್ನು ಓಣಿಯ ತುದಿಯವರೆಗೆ ಒಯ್ದರೂ ಅದು ಕಾಯ್ದೆಗೆ ವಿರುದ್ಧ. ಮಜಾ ಎಂದರೆ ಕಾರಿಗೆ ಈ ಭೇದ ನಮ್ಮ ದೇಶದಲ್ಲಿಲ್ಲ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್ಕಿನ ಮೇಲೆ ಪರೀಕ್ಷೆ ಕೊಟ್ಟವರಿಗೆ ಆಟೋಮ್ಯಾಟಿಕ್ ಮಾತ್ರ. ಜಪಾನಿನಲ್ಲಿಯೂ 1991ರಿಂದ ಅಂಥ ಲೈಸೆನ್ಸು ಇದೆ. ಇಲ್ಲಿ ಕಾರಿಗೆ ಇಲ್ಲದ ಗೆರೆಯನ್ನು ದ್ವಿಚಕ್ರಕ್ಕೆ ಎಳೆದಿದ್ದಾರೆ, ಆ ಗೆರೆಯ ಈಚೆ ನಿಂತವರಲ್ಲಿ ಹೆಚ್ಚಿನವರು ನಾವು. ನಮ್ಮ ಶಾಲೆಯ ಶಿಕ್ಷಕಿಯರಲ್ಲಿ ಸ್ಕೂಟರು ಇರುವವರು ಏಳು ಮಂದಿ. ಗೇರಿನ ಲೈಸೆನ್ಸು ನನ್ನೊಬ್ಬಳದೇ. ಉಳಿದವರ ಕಾಗದವನ್ನು ಏಜೆಂಟನೇ ತುಂಬಿದ. ಯಾವುದು ಬೇಕೆಂದು ಅವರನ್ನು ಯಾರೂ ಕೇಳಲಿಲ್ಲ.

ಡ್ರೈವಿಂಗ್ ಕ್ಲಾಸಿನ ಕಥೆಯೂ ಇದೇ. ಕಲಿಸುವ ಕಾರಿನಲ್ಲಿ ಮಾಸ್ತರನ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ, ಇರಲೇಬೇಕು. ಹೆಂಗಸು ಕಲಿಯುವಾಗ ಅವನು ಇಪ್ಪತ್ತು ದಿನವೂ ಅದರ ಮೇಲಿನಿಂದ ಕಾಲು ತೆಗೆಯುವುದಿಲ್ಲ. ಅವಳು ಸ್ಟಿಯರಿಂಗ್ ತಿರುಗಿಸುತ್ತಾಳೆ, ಗಾಡಿ ಹೊಡೆಯುವವನು ಅವನು. ಇಪ್ಪತ್ತೊಂದನೇ ದಿನ ಮನೆಯ ಕಾರು ಬಾಗಿಲಲ್ಲೇ ಜಗ್ಗಿ ನಿಂತಾಗ, "ನಿಮಗ ಆಗಂಗಿಲ್ಲ ಬಿಡ್ರಿ, ಆಟೋಮ್ಯಾಟಿಕ್ ತಗೋರಿ" ಎನ್ನುತ್ತಾರೆ. ಮಗ್ಗಿಯನ್ನು ಮಾಸ್ತರನೇ ಹೇಳಿ ಮುಗಿಸಿ, ಹುಡುಗನಿಗೆ ಮಗ್ಗಿ ಬರುವುದಿಲ್ಲ ಎಂದು ಷರಾ ಬರೆದರೆ ನಾವು ಸುಮ್ಮನಿರುತ್ತೇವೆಯೇ?

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕೋಪವೇ ಎಂದು ಓದುವ ಅಕ್ಕತಂಗಿಯರು ಕೇಳಬಹುದು. ಕೇಳಿರಿ. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆದಂಡೆಯ ಊರುಗಳೆಲ್ಲ ಎದ್ದು ಹೊರಡಬೇಕಾಯಿತು. ನನ್ನ ಸಹೋದ್ಯೋಗಿಯೊಬ್ಬರ ತವರು ಅಂಥ ಒಂದು ಊರಿನಲ್ಲಿ. ನೀರು ಹಿತ್ತಲಿಗೆ ಬಂದಿತ್ತು. ಅಂಗಳದಲ್ಲಿ ಟ್ರ್ಯಾಕ್ಟರು ಇತ್ತು, ಹಿಂದೆ ಟ್ರೇಲರು ಇತ್ತು, ಚಾವಿ ದೇವರ ಮನೆಯ ಮೊಳೆಗೆ ತೂಗುತ್ತಿತ್ತು. ಮನೆಯಲ್ಲಿ ನಾಲ್ವರು ಹೆಂಗಸರು, ಇಬ್ಬರು ಮುದುಕರು, ಎರಡು ಎಮ್ಮೆ. ಗಂಡಸರು ಮಿರಜಿಗೆ ಹೋದವರು ದಾರಿ ಕಟ್ಟಿ ಆಚೆ ದಡದಲ್ಲೇ ಉಳಿದಿದ್ದರು. ನಾಲ್ವರಲ್ಲಿ ಇಬ್ಬರಿಗೆ ಸ್ಕೂಟರು ಚೆನ್ನಾಗಿ ಬರುತ್ತಿತ್ತು. ಆದರೆ ಟ್ರ್ಯಾಕ್ಟರಿಗೆ ಕ್ಲಚ್ಚು ಇದೆ, ಗೇರು ಇದೆ. ಮಗ್ಗುಲ ಮನೆಯವರು ತಮ್ಮ ಸಾಮಾನು ಮುಗಿಸಿ ಮಗನನ್ನು ಕಳಿಸುವವರೆಗೆ ಎರಡು ತಾಸು ಕಾಯ್ದರು. ಬಂದ ಮಗ ಒಂಬತ್ತನೆಯ ಇಯತ್ತೆಯವನು. ಅವನಿಗೆ ಲೈಸೆನ್ಸಿನ ವಯಸ್ಸೇ ಆಗಿರಲಿಲ್ಲ, ಆದರೆ ಅವನಿಗೆ ಯಾರೂ "ನಿನಗ್ಯಾಕ" ಎಂದಿರಲಿಲ್ಲ. ಯಾರ ಜೀವಕ್ಕೂ ಏನೂ ಆಗಲಿಲ್ಲ, ಒಂದು ಎಮ್ಮೆ ಹೋಯಿತು. ಆ ಟ್ರ್ಯಾಕ್ಟರಿನ ಕಂತು ತುಂಬಿದ್ದು ಆ ಮನೆಯ ಸೊಸೆಯ ಪಗಾರದಿಂದ.

ಹೆಂಗಸಿಗೆ ಆಗದ ಕೆಲಸ ಇದೆಂದು ಹೇಳುವವರಿಗೆ ತಮಿಳುನಾಡಿನ ವಸಂತಕುಮಾರಿ 1993ರಲ್ಲಿಯೇ ಸರಕಾರಿ ಬಸ್ಸು ಹೊಡೆದು ಉತ್ತರ ಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ಪ್ರೇಮಾ ನಡಪಟ್ಟಿಯವರು ಬಿ.ಎಂ.ಟಿ.ಸಿ. ಬಸ್ಸು ಓಡಿಸಿದ್ದಾರೆ. ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಟ್ರೇಲರಿಗೆ ಏರಿಸುವ ಹೆಂಗಸು ಟ್ರ್ಯಾಕ್ಟರಿನ ಕ್ಲಚ್ಚು ಒತ್ತಲಾರದಷ್ಟು ಅಶಕ್ತಳು ಎಂದು ನಂಬಲು ನಾನೇನೂ ತಯಾರಿಲ್ಲ. ಆ ಗದ್ದಿಗೆಗೆ ಸಿಗುವ ದಿನಗೂಲಿ ಹೊರೆಯ ಕೂಲಿಗಿಂತ ಹೆಚ್ಚು, ಅಲ್ಲವೇ? ಗುಟ್ಟು ಅಲ್ಲಿಯೂ ಇರಬಹುದು.

ಮುಂದೆ ಗೇರೇ ಇರುವುದಿಲ್ಲ, ಯಾಕೆ ಕಲಿಯಬೇಕು ಎಂದು ನನ್ನ ಮಗಳು ವಾದಿಸುತ್ತಾಳೆ. 2020ರಲ್ಲಿ ಚೇತಕ್ ಮತ್ತೆ ಬಂತು, ಕರೆಂಟಿನ ಗಾಡಿಯಾಗಿ, ಅದರಲ್ಲಿ ಗೇರಿಲ್ಲ. ಅಮೇರಿಕದಲ್ಲಿ ಗೇರಿನ ಹೊಸ ಕಾರು ನೂರಕ್ಕೆ ಒಂದೋ ಎರಡೋ. ನಾಳೆ ಇಲ್ಲಿಯೂ ಹಾಗಾಗಲಿ, ಗಂಡಸರ ಬೈಕಿನಿಂದಲೂ ಹೋಗಲಿ, ಆಗ ನನ್ನ ವಾದವೂ ಅದರ ಜೊತೆಗೇ ಹೋಗುತ್ತದೆ. ಆದರೆ ನಮ್ಮೂರ ಅಂಗಳಗಳಲ್ಲಿ ಇವತ್ತು ನಿಂತಿರುವ ಟ್ರ್ಯಾಕ್ಟರು, ಟಂಟಂ, ಬೊಲೆರೊಗಳಿಗೆ ಇನ್ನೂ ಗೇರು ಇದೆ.

ನಿಮ್ಮ ಲೈಸೆನ್ಸನ್ನು ಪರ್ಸಿನಿಂದ ತೆಗೆದು ನೋಡಿರಿ. 'ಎಂ.ಸಿ.ಡಬ್ಲ್ಯೂ.ಓ.ಜಿ.' ಎಂದಿದ್ದರೆ ಅದು ಗೇರಿಲ್ಲದ್ದು. ಹೊಸ ವರ್ಗ ಸೇರಿಸಲು ಮತ್ತೆ ಕಲಿಕಾ ಲೈಸೆನ್ಸು ತೆಗೆಸಬೇಕು. ನಲವತ್ತು ದಾಟಿದವರಿಗೆ ಡಾಕ್ಟರರ ಸರ್ಟಿಫಿಕೇಟೂ ಬೇಕು. ಮೂವತ್ತು ದಿನ ಕಳೆದ ಮೇಲೆ, ಆರು ತಿಂಗಳ ಒಳಗೆ ಪರೀಕ್ಷೆ ಕೊಡಬಹುದು. ಅರ್ಜಿಯನ್ನು ನೀವೇ ತುಂಬಿರಿ. ಪರೀಕ್ಷೆಯ ದಿನ ಗೇರಿನ ಗಾಡಿಯನ್ನು ಮನೆಯಿಂದಲೇ ಒಯ್ಯಿರಿ. ಹೆಂಗಸರಿಗೆಂದು ಮೈದಾನದ ಬಳಿ ಬಾಡಿಗೆಗೆ ಇಟ್ಟಿರುವುದು ಸ್ಕೂಟಿ ಮಾತ್ರ.